ಪಾರವ್ವನ ಫೋಟೋಕ್ಕೆ ಯಾವ ಲೆನ್ಸು

ನಮ್ಮ ಜನಕ್ಕೆ ಒಂದು ಒಳ್ಳೆಯ ಫೋಟೋ ಬೇಕಾಗುವುದು ಸತ್ತ ಮೇಲೆ. ಬದುಕಿದ್ದಾಗ ಬೇಕಾಗುವುದೆಲ್ಲ ಪಾಸ್‌ಪೋರ್ಟ್ ಅಳತೆಯದು. ಅದನ್ನೂ ಯಾವನೋ ಗುಮಾಸ್ತ ಮೂಗಿನ ಮೇಲೆ ಸಿಕ್ಕಾ ಹೊಡೆದು ಕಡತದೊಳಗೆ ಹಾಕಿಬಿಡುತ್ತಾನೆ. ಆಮೇಲೆ ಒಂದು ದಿನ ಮನೆಮಂದಿಯೆಲ್ಲ ಕಪಾಟು ಕೆಡವಿ ಹುಡುಕುತ್ತಾರೆ. ಏನೂ ಸಿಗದೆ ಮತದಾರರ ಚೀಟಿಯ ಮೇಲಿನ ಮುಖವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಏರಿಸುತ್ತಾರೆ. ಅಂಥ ಎಷ್ಟೋ ಹಿರಿಯರ ಕೆಳಗೆ ಕೂತು ನಾನು ಚಹಾ ಕುಡಿದಿದ್ದೇನೆ. ಪೊಲೀಸರಿಗೆ ಬೇಕಾದವರ ಹಾಗೆ ಅವರು ಮೇಲಿನಿಂದ ನನ್ನನ್ನು ನೋಡುತ್ತಿರುತ್ತಾರೆ, ನಾನು ಬಿಸ್ಕತ್ತಿಗೆ ಕೈ ಚಾಚುವುದೋ ಬೇಡವೋ ಎಂದು ಅನುಮಾನಿಸುತ್ತೇನೆ.

ಶಿವರುದ್ರಪ್ಪನವರು ತಮ್ಮ ಹೆಂಡತಿ ಪಾರವ್ವನನ್ನು ಹಾಗೆ ಗೋಡೆಗೆ ಏರಿಸಬಾರದೆಂದು ನಿಶ್ಚಯಿಸಿದರು. ಈ ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಒಂದು ಸಂಜೆ ನಮ್ಮ ಮನೆಯ ಬಾಗಿಲಲ್ಲಿ ನಿಂತು, "ಒಂದು ಕ್ಯಾಮೆರಾ ತೊಗೋಬೇಕಂತ ಮಾಡೇನ್ರಿ" ಎಂದರು, ಅಷ್ಟೇ.

ಪುಣೆಯ ಕೊಂಢವಾದಲ್ಲಿರುವ ನಮ್ಮ ಕಟ್ಟಡದಲ್ಲಿ ಅವರದು ನಮ್ಮ ತಲೆಯ ಮೇಲಿನ ಫ್ಲ್ಯಾಟು. ಇಂಡಿ ತಾಲೂಕಿನವರು. ಮೀಸೆ ಮೂಡುವ ವಯಸ್ಸಿಗೆ ಪುಣೆಗೆ ಬಂದು, ದೇಹೂ ರೋಡಿನಲ್ಲಿ ಸೈನ್ಯದ ಒಂದು ಉಗ್ರಾಣದಲ್ಲಿ ಕಾರಕೂನರಾಗಿ ಸೇರಿ, ಅಲ್ಲೇ ಮೀಸೆ ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು. ಉಗ್ರಾಣಕ್ಕೆ ಕಸಬರಿಗೆ ಬೇಕಾದರೂ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿ, ಅಕ್ಕಪಕ್ಕ ಇಟ್ಟು ತಾಳೆ ನೋಡಿ, ಕಮಿಟಿಯ ಸಹಿ ಮಾಡಿಸಿ ಕೊಳ್ಳಬೇಕು. ಆ ಪದ್ಧತಿ ಅವರ ರಕ್ತದಲ್ಲಿ ಇಳಿದುಬಿಟ್ಟಿತ್ತು. ಮನೆಗೆ ಕುಕ್ಕರ್ ತಂದರೂ ಮೂರು ಕೊಟೇಶನ್. ಮಗಳು ರೇಣುಗೆ ವರ ನೋಡುವಾಗಲೂ ಮೂರು ಹುಡುಗರನ್ನು ಸಾಲಾಗಿ ಬರೆದು ತಾಳೆ ನೋಡಿದ್ದರು. ರೇಣು ಮೂವರನ್ನೂ ಬಿಟ್ಟು ತನ್ನ ಆಫೀಸಿನ ಸ್ವಪ್ನಿಲ್ ಎಂಬ ಮರಾಠಿ ಹುಡುಗನನ್ನು ಕರೆದುಕೊಂಡು ಬಂದಳು. "ಸಿಂಗಲ್ ಟೆಂಡರ್ ಪಾಸ್ ಮಾಡಿದ್ದು ಅದೊಂದೇ ಸಲರಿ ನಾನು" ಎಂದು ಅವರು ಈಗಲೂ ಹೇಳುತ್ತಾರೆ. ಅಳಿಯ ಒಳ್ಳೆಯವನೇ, ಆದರೂ ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ನಿರಾಸೆಯೇ ಇರುತ್ತದೆ.

ಆ ಕ್ಯಾಮೆರಾದ ಮಾತು ಬರುವ ಹಿಂದಿನ ವಾರ ಡಾಕ್ಟರು ಪಾರವ್ವನ ಹೊಟ್ಟೆಯ ಸ್ಕ್ಯಾನ್ ನೋಡಿದ್ದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ದಿವಾಳೀಪರ್ಯಂತ ಬಘೂ" ಎಂದಿದ್ದರಂತೆ. ದೀಪಾವಳಿಯವರೆಗೆ ನೋಡೋಣ ಎಂದು. ದೀಪಾವಳಿಯ ಆಚೆ ಏನು ನೋಡೋಣ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಕ್ಯಾಮೆರಾ ಆರಿಸುವ ಕೆಲಸ ಬೇಗ ಮುಗಿಯಿತು, ಯಾಕೆಂದರೆ ಅದನ್ನು ಸ್ವಪ್ನಿಲ್ ಮಾಡಿದ. "ಪಪ್ಪಾ, ಈಗ ಎಲ್ಲಾರೂ ಮಿರರ್‌ಲೆಸ್ ತೊಗೋತಾರ" ಎಂದು ತನ್ನ ಅರ್ಧಂಬರ್ಧ ಕನ್ನಡದಲ್ಲಿ ಹೇಳಿ, ಒಂದು ಡಬ್ಬ ತಂದಿಟ್ಟ. ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ. ಕನ್ನಡಿ ಇದ್ದದ್ದಕ್ಕಿಂತ ಇಲ್ಲದ್ದಕ್ಕೆ ಬೆಲೆ ಹೆಚ್ಚು ಎಂದು ಕೇಳಿ ಶಿವರುದ್ರಪ್ಪನವರು ಒಂದು ರಾತ್ರಿ ಊಟ ಬಿಡುವುದೊಂದು ಬಾಕಿ. ಡಬ್ಬದ ಜೊತೆಗೇ ಒಂದು ಚಿಕ್ಕ ಲೆನ್ಸು ಬಂದಿತ್ತು. ಸ್ವಪ್ನಿಲ್ ಅದನ್ನು ಕ್ಯಾಮೆರಾಕ್ಕೆ ಹಾಕಿ ತೋರಿಸಿ, "ಇದು ಸುಮ್ನ ಕಲೀಲಿಕ್ಕೆ. ಪೋರ್ಟ್ರೇಟ್‌ಗೆ ಬ್ಯಾರೇ ಲೆನ್ಸ್ ಬೇಕು" ಎಂದುಬಿಟ್ಟ.

ಅಲ್ಲಿಗೆ ಅಳಿಯನ ಪಾತ್ರ ಮುಗಿದು ಮಾವನ ಪದ್ಧತಿ ಶುರುವಾಯಿತು.

ಕಮಿಟಿಗೆ ನನ್ನನ್ನು ಹಾಕಿಕೊಂಡರು. ಕಾಲೇಜಿನಲ್ಲಿದ್ದಾಗ ನಾನು ಎರವಲು ಕ್ಯಾಮೆರಾ ಒಯ್ದು ಗೋಳಗುಮ್ಮಟದ ಫೋಟೋ ತೆಗೆದಿದ್ದೆನೆಂದು ಎಂದೋ ಹೇಳಿದ್ದೆ. ಪ್ರತಿಯೊಂದು ಫೋಟೋದಲ್ಲೂ ಗುಮ್ಮಟದ ಪಕ್ಕದಲ್ಲಿ ಅದಕ್ಕೆ ಸಮನಾದ ಇನ್ನೊಂದು ಗುಮ್ಮಟ ಇತ್ತು, ಅದು ನನ್ನ ಹೆಬ್ಬೆರಳು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಹೀಗೆ ನಾನು ಟೆಕ್ನಿಕಲ್ ಮೆಂಬರ್ ಆದೆ.

ಇಬ್ಬರೂ ಶಿವಾಜಿನಗರದ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಗಾಜಿನ ಮೇಲೆ ಮೂರು ಲೆನ್ಸುಗಳನ್ನು ಸಾಲಾಗಿ ನಿಲ್ಲಿಸಿದ. ಮೂರು ಎಂಬುದನ್ನು ನೋಡಿಯೇ ಶಿವರುದ್ರಪ್ಪನವರ ಮುಖ ಅರಳಿತು. ಮೂವತ್ತೈದು, ಐವತ್ತು, ಎಂಬತ್ತೈದು. ಅಂಕಿ ದೊಡ್ಡದಾದಷ್ಟೂ ದೂರ ನಿಂತು ತೆಗೆಯಬೇಕು, ಮುಖ ಅಷ್ಟೂ ಚಂದ ಬರುತ್ತದೆ ಎಂದು ಅವನು ಮರಾಠಿಯಲ್ಲಿ ತಿಳಿಸಿದ. ಆಮೇಲೆ ನಡುವಿನದನ್ನು ಎತ್ತಿ, "ಕಾಕಾ, ಇದು ಐವತ್ತು. ಆದರೆ ನಿಮ್ಮ ಕ್ಯಾಮೆರಾಕ್ಕೆ ಹಾಕಿದರೆ ಎಪ್ಪತ್ತೈದರ ಹಾಗೆ ಕಾಣುತ್ತದೆ" ಎಂದ.

ಶಿವರುದ್ರಪ್ಪನವರು ಕನ್ನಡಕ ಏರಿಸಿ ಲೆನ್ಸಿನ ಕೊರಳು ಓದಿದರು. ನನ್ನ ಕಡೆ ತಿರುಗಿ, "ಹೊರಗ ಐವತ್ತು ಬರದಾರ್ರಿ. ಒಳಗ ಎಪ್ಪತ್ತೈದು ಅದ ಅಂತಾನ. ನಮ್ಮ ಡಿಪೋದಾಗ ಹಿಂಗ ಮಾಲ್ ಬಂದಿದ್ರ ಇಬ್ಬರು ಸಸ್ಪೆಂಡ್ ಆಗ್ತಿದ್ರು" ಎಂದರು.

"ಸೆನ್ಸರ್ ಸಣ್ಣದಿರ್ತದಲ್ಲರಿ, ಅದಕ್ಕ" ಎಂದೆ ನಾನು, ಟೆಕ್ನಿಕಲ್ ಮೆಂಬರ್ ಆದ ಮೇಲೆ ಏನಾದರೂ ಹೇಳಬೇಕಲ್ಲ ಎಂದು. ಅದು ಸರಿಯಾದ ಉತ್ತರವೇ ಆಗಿತ್ತಂತೆ. ಅಂಗಡಿಯವನು ನನ್ನನ್ನು ಗೌರವದಿಂದ ನೋಡಿದ. ನನಗೆ ಭಯವಾಯಿತು.

ಇನ್ನೊಂದು ಅಂಕಿಯೂ ಇತ್ತು. ಅದು ಲೆನ್ಸಿನ ತೂತಿನದು. ಅಂಕಿ ಸಣ್ಣದಾದರೆ ತೂತು ದೊಡ್ಡದು, ತೂತು ದೊಡ್ಡದಾದರೆ ಬೆಲೆ ದೊಡ್ಡದು, ಬೆಲೆ ದೊಡ್ಡದಾದರೆ ಮುಖ ಮಾತ್ರ ಸ್ಪಷ್ಟವಾಗಿ ಬಂದು ಹಿಂದಿರುವುದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ.

"ಅಂದ್ರ ಕಾಣದಂಗ ಮಾಡ್ಲಿಕ್ಕೆ ನಾವು ಹೆಚ್ಚು ರೊಕ್ಕ ಕೊಡೂದು?"

"ಹೋ ಕಾಕಾ. ತೀಚ್ ತರ್ ಬ್ಯೂಟಿ ಆಹೇ!" ಅದರ ಚಂದವೇ ಅದು ಎಂದು.

ಈ ಮಾತಿಗೆ ಅವರು ಜಗಳ ತೆಗೆಯುತ್ತಾರೆಂದುಕೊಂಡಿದ್ದೆ. ತೆಗೆಯಲಿಲ್ಲ. ಲೆನ್ಸನ್ನು ಅಂಗೈಯಲ್ಲಿ ಇಟ್ಟು ತೂಗಿ ನೋಡಿ ವಾಪಸು ಕೊಟ್ಟರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಹೇಳಿದರು: "ಆಕಿ ಹಿಂದ ಯಾವಾಗ್ಲೂ ಅಡಿಗಿಮನಿನೇ ಇರ್ತದ್ರಿ. ಇಲ್ಲಾ ಅಂದ್ರ ಫ್ರಿಜ್ಜು, ಇಲ್ಲಾ ಅಂದ್ರ ಯಾರದರ ಲಗ್ನದಾಗ ಊಟದ ಪಂಕ್ತಿ. ಈ ಸಲ ಆಕಿ ಒಬ್ಬಾಕಿನ ಇರಬೇಕು."

ಮಾಲು ಪಸಂದು ಮಾಡುವ ಮೊದಲು ಮಾದರಿ ಪರೀಕ್ಷೆ ಆಗಬೇಕು. ಪುಣೆಯಲ್ಲಿ ಲೆನ್ಸನ್ನು ದಿನದ ಬಾಡಿಗೆಗೆ ಕೊಡುತ್ತಾರೆ, ಪೆಂಡಾಲಿನವರು ಕುರ್ಚಿ ಕೊಟ್ಟ ಹಾಗೆ. ಅವರು ಒಂದೊಂದೇ ತಂದರು. ಮೊದಲ ಪರೀಕ್ಷೆ ಇಟ್ಟಂಗಿ ಗೋಡೆಯದು; ಲೆನ್ಸಿನ ಅಂಚು ಸರಿ ಇದೆಯೋ ಇಲ್ಲವೋ ನೋಡಲು ಇಟ್ಟಂಗಿ ಗೋಡೆಯೇ ಆಗಬೇಕೆಂದು ಯೂಟ್ಯೂಬಿನಲ್ಲಿ ಯಾವನೋ ಹೇಳಿದ್ದ. ಕೊಂಢವಾದಲ್ಲಿ ಕಟ್ಟುತ್ತಿರುವ ಗೋಡೆಗಳಿಗೆ ಬರವೇ? ನಾವಿಬ್ಬರೂ ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ಒಂದು ಅರೆಬರೆ ಕಟ್ಟಡದ ಮುಂದೆ ನಿಂತು ಗೋಡೆಯ ಫೋಟೋ ತೆಗೆದೇ ತೆಗೆದೆವು. ಸ್ವಲ್ಪ ಹೊತ್ತಿಗೆ ಅಲ್ಲಿನ ಸೂಪರ್‌ವೈಸರ್ ಓಡಿ ಬಂದು, "ಸಾಹೇಬ್, ಕಾರ್ಪೊರೇಷನ್ ಸೇ ಆಯೇ ಹೈ ಕ್ಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎರಡು ತಣ್ಣನೆಯ ಬಾಟಲಿ ತಂದು ಕೈಗಿಟ್ಟ. ನನ್ನ ಜೀವಮಾನದಲ್ಲಿ ನನ್ನನ್ನು ಯಾರಾದರೂ ಲಂಚ ಕೊಡಲು ಯೋಗ್ಯ ಎಂದು ತಿಳಿದದ್ದು ಅಂದು ಒಂದೇ ಸಲ. ಶಿವರುದ್ರಪ್ಪನವರು ಬಾಟಲಿ ಮುಟ್ಟಲಿಲ್ಲ. ನಾನು ಎರಡನ್ನೂ ಕುಡಿದೆ.

ಗೋಡೆಯ ನಂತರ ಮುಖದ ಪರೀಕ್ಷೆ. ಅದಕ್ಕೆ ನನ್ನ ಮುಖ. ಇಟ್ಟಂಗಿಯ ನಂತರದ ಮೆಟ್ಟಿಲು ನಾನೇ ಎಂದು ಅವರಿಗೆ ಸಹಜವಾಗಿ ಹೊಳೆದಿರಬೇಕು. ಅವರ ಮನೆಯ ಹಾಲಿನಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿ ನನ್ನನ್ನು ಕೂಡ್ರಿಸಿ, ಒಂದೊಂದು ಲೆನ್ಸಿನಲ್ಲಿ, ತೂತಿನ ಒಂದೊಂದು ಅಂಕಿಯಲ್ಲಿ ತೆಗೆಯುತ್ತಿದ್ದರು. ತೆಗೆದದ್ದನ್ನು ಟಿವಿಗೆ ಜೋಡಿಸಿ ದೊಡ್ಡದು ಮಾಡಿ ನೋಡುವುದು. ನನ್ನ ಮೂಗಿನ ತುದಿಯಲ್ಲಿ ಇಷ್ಟೊಂದು ಕೂದಲು ಇವೆಯೆಂದು ನನಗೆ ಗೊತ್ತಾದದ್ದೇ ಆಗ. "ಶಾರ್ಪ್ ಅದ" ಎಂದು ಅವರು ತೃಪ್ತಿಯಿಂದ ಹೇಳಿದರು.

"ಅಕ್ಕಾರ್ನ ಕೂಡ್ರಿಸಿ ತಗೀಬಾರದೇನ್ರಿ? ಕಡೀಕೆ ತಗಿಯೂದು ಅವ್ರದನ್ನ ಅಲ್ಲೇನು?" ಎಂದೆ.

"ಬ್ಯಾಡ್ರಿ, ಆಕಿ ದಣೀತಾಳ. ಆಕಿದು ಒಮ್ಮೆ ತಗದ್ರ ಅದು ಫೈನಲ್ ಆಗಬೇಕು."

ಪಾರವ್ವ ಅಡಿಗೆಮನೆಯ ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದಳು. ಕಾಯಿಲೆ ಅಷ್ಟು ಕಾಣುತ್ತಿರಲಿಲ್ಲ ಆಗ. ಬರುತ್ತಾ ಹೋಗುತ್ತಾ ಗೋಡೆಯನ್ನು ಒಂದಿಷ್ಟು ಹಿಡಿದುಕೊಳ್ಳುತ್ತಿದ್ದಳು, ಅಷ್ಟೇ. ನಾನು ಗಂಟಲಿಗೆ ಮುಳ್ಳು ಸಿಕ್ಕವನ ಹಾಗೆ ಬಿಗಿದು ಕೂತದ್ದನ್ನು ನೋಡಿ ಅವಳಿಗೆ ನಗು.

"ತಮ್ಮಾ, ಹಿಂಗ ದಿನಾ ತಗಸ್ಕೊಂಡಿ ಅಂದ್ರ, ನನಗಿಂತ ಮೊದ್ಲ ನೀನ ಗ್ವಾಡಿ ಏರ್ತಿ ನೋಡು."

ಶಿವರುದ್ರಪ್ಪನವರು ಸ್ಟ್ಯಾಂಡಿನ ಒಂದು ತಿರುಪನ್ನು ಬಿಚ್ಚಿ ಮತ್ತೆ ಬಿಗಿ ಮಾಡಿದರು. ನಾನು ಚಹಾದ ಬಟ್ಟಲಿಗೆ ಕೈ ಚಾಚಿ ಅದನ್ನು ಅರ್ಧ ಚೆಲ್ಲಿದೆ. ಅವಳೇ ಅರಿವೆ ತಂದು ಒರೆಸಿದಳು.

ಮನೆಗೆ ಬಂದು ಹೆಂಡತಿ ಶೈಲಾಗೆ ಎಂಬತ್ತೈದಕ್ಕೂ ಐವತ್ತಕ್ಕೂ ಇರುವ ವ್ಯತ್ಯಾಸ ವಿವರಿಸಿದೆ. ಆಕೆ ಮೆಂತ್ಯೆ ಬಿಡಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, "ಅವ್ರು ಲೆನ್ಸ್ ಆರಸ್ಲಿಕತ್ತಿಲ್ರಿ. ಫೋಟೋ ತಗದ್ರ ಮುಗೀತಲ್ಲ ಅಂತ ಅಂಜ್ಯಾರ. ನಿಮಗ ಅಷ್ಟೂ ತಿಳೀವಲ್ತ?" ಎಂದಳು. ತಿಳಿದಿರಲಿಲ್ಲ. ತಿಳಿದ ಮೇಲೂ ನಾನು ಮರುದಿನ ಹೋಗಿ ಕುರ್ಚಿಯ ಮೇಲೆ ಕೂತೆ. ಬೇರೆ ಏನು ಮಾಡಬೇಕೋ ನನಗೆ ಗೊತ್ತಿರಲಿಲ್ಲ.

ಮಳೆಗಾಲ ಬಂತು. ಎಂಬತ್ತೈದು ಪಸಂದಾಯಿತು. ಆದರೆ ಅದರಲ್ಲೂ ಮೂರು ಕಂಪನಿಯವು ಇದ್ದವು, ಮತ್ತೆ ತಾಳೆ. ಒಂದು ಕಂಪನಿಯದು ಮುಖದ ಬಣ್ಣವನ್ನು ಒಂದಿಷ್ಟು ಕೆಂಪು ಮಾಡುತ್ತದೆ. ಇನ್ನೊಂದರಲ್ಲಿ ಬೆಳಕಿನ ಎದುರು ತೆಗೆದರೆ ಮಬ್ಬು. ಮೂರನೆಯದು ಎಲ್ಲ ರೀತಿಯಿಂದ ಛಲೋ, ಅಂಗಡಿಯಲ್ಲಿ ಇಲ್ಲ. ಇಲ್ಲದ್ದನ್ನೇ ಕಮಿಟಿ ಆರಿಸಿತು. ಮುಂಬೈಯಿಂದ ಬರಬೇಕು ಎಂದರು.

ನಾಗರಪಂಚಮಿಯ ದಿನ ನಮಗಿಬ್ಬರಿಗೂ ಅಲ್ಲಿ ಊಟ ಇತ್ತು. ಶೈಲಾ ಹಿಂದಿನಿಂದ ಬರುವವಳಿದ್ದಳು. ನಾನು ಹೋದಾಗ ಶಿವರುದ್ರಪ್ಪನವರು ಪೇಪರು ಓದುತ್ತಿದ್ದರು. ಒಳಗಿನ ಕೋಣೆಯ ಬಾಗಿಲು ತೆರೆಯಿತು. ಪಾರವ್ವ ಹಸಿರು ಇಳಕಲ್ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು, ತುರುಬಿಗೆ ಹೂ ಮುಡಿದು ಬಂದಳು. ಸೀರೆಯ ನಿರಿಗೆ ಹಿಡಿದು ನಿಧಾನಕ್ಕೆ ನಡೆದು, ನಾನು ಕೂಡುತ್ತಿದ್ದ ಕಿಟಕಿಯ ಕುರ್ಚಿಯ ಮೇಲೆ ಕೂತಳು. ಸೆರಗು ಸರಿ ಮಾಡಿಕೊಂಡಳು.

"ಹೂಂ, ತಗೀರಿ" ಎಂದಳು.

ಶಿವರುದ್ರಪ್ಪನವರು ಪೇಪರು ಕೆಳಗಿಟ್ಟರು. ಅವರ ಮುಖದಲ್ಲಿ ಎಂಥ ಗಾಬರಿ! ಪರೀಕ್ಷೆಗೆ ಓದದ ಹುಡುಗನ ಗಾಬರಿ.

"ಇವತ್ತ ಹೆಂಗ ಆಗ್ತದ? ಎಂಬತ್ತೈದು ಗುರುವಾರ ಬರ್ತದ."

"ಈಗ ಒಂದು ಅದಲ್ಲ, ಡಬ್ಬ್ಯಾಗ ಬಂದದ್ದು."

"ಅದು ಕಲೀಲಿಕ್ಕೆ ಕೊಟ್ಟದ್ದು."

"ಅದಕ್ಕೇನು ನಾ ಕಾಣೂದಿಲ್ಲೇನು?"

"ಕಾಣ್ತಿ. ಹಿಂದಿಂದೂ ಎಲ್ಲಾ ಕಾಣ್ತದ. ಬೆಳಕೂ ಇಲ್ಲ, ಮಾಡ ಮುಚ್ಚ್ಯಾವ."

ಪಾರವ್ವ ನನ್ನ ಕಡೆ ನೋಡಿದಳು. ಟೆಕ್ನಿಕಲ್ ಮೆಂಬರ್ ಆಗಿ ನಾನು ಹೇಳಿದ್ದು ಇಷ್ಟು: "ಫ್ರಿಜ್ ಬರ್ತದ್ರಿ ಅಕ್ಕಾರ, ಬ್ಯಾಕ್‌ಗ್ರೌಂಡಿನಾಗ."

"ಬರ್ಲೇಳಪಾ. ಅದೂ ಮನೀದ ಅಲ್ಲ?" ಎಂದಳು. ಗಂಡನ ಕಡೆ ತಿರುಗಿ, "ನಿಮ್ಮ ಲೆನ್ಸ್ ಬರೂತನ ನನ್ನ ಮಾರಿ ಇರಬೇಕಲ್ರಿ" ಎಂದಳು. ಸಿಟ್ಟಿನಿಂದಲ್ಲ. ಹಾಲು ಬರುವತನಕ ಚಹಾದ ನೀರು ಆರುತ್ತದಲ್ಲ ಎನ್ನುವ ದನಿ.

"ಗುರುವಾರ" ಎಂದರು ಅವರು.

ಅವಳು ಇನ್ನೊಂದಿಷ್ಟು ಹೊತ್ತು ಅಲ್ಲೇ ಕೂತಳು, ಅವರು ಮನಸ್ಸು ಬದಲಿಸಬಹುದೆಂದೋ ಅಥವಾ ಏಳಲು ಶಕ್ತಿ ಕೂಡಿಸಿಕೊಳ್ಳಲೋ. ಆಮೇಲೆ ಎದ್ದು, "ಉಂಡಿ ಕಟ್ಟೂದ ಇನ್ನೂ ಅದ" ಎಂದು ಒಳಗೆ ಹೋದಳು. ಅಂದಿನ ಶೇಂಗಾದ ಉಂಡಿ ನಾನು ಎಷ್ಟು ತಿಂದೆನೆಂದರೆ ಶೈಲಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಗುರುವಾರ ಲೆನ್ಸು ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಗಣಪತಿ ಕೂಡ್ರಿಸುವ ಹೊತ್ತಿಗೆ ಬಂತು. ಅಷ್ಟರಲ್ಲಿ ಪಾರವ್ವನಿಗೆ ಹೊಸ ಗುಳಿಗೆ ಶುರು ಮಾಡಿದ್ದರು, ಮುಖ ಬಾತುಕೊಂಡಿತ್ತು. ಕೆನ್ನೆ ಏರಿ ಕಣ್ಣು ಸಣ್ಣವಾಗಿದ್ದವು. ಶಿವರುದ್ರಪ್ಪನವರು ಲೆನ್ಸನ್ನು ಹತ್ತಿಯಲ್ಲಿ ಸುತ್ತಿದ ಲಿಂಬೆಹಣ್ಣಿನ ಹಾಗೆ ಡಬ್ಬದಿಂದ ತೆಗೆದು, ಕ್ಯಾಮೆರಾಕ್ಕೆ ಹಾಕಿ, ಅವಳ ಮಂಚದ ಬಳಿ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಬಂತೇನು?" ಎಂದಳು.

"ಬಂತು. ಭಾಳ ಛಲೋ ಅದ. ಕೂಡ್ತಿಯೇನು ಸ್ವಲ್ಪ?"

ಅವಳು ಕೈಯಿಂದ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. "ಈ ಮಾರಿ ನಂದಲ್ರೀ. ಇದನ್ನ ಹಾಕಬ್ಯಾಡ್ರಿ" ಎಂದಳು.

ಎಲ್ಲಿ ಹಾಕಬೇಡಿ ಎಂದು ಹೇಳಲಿಲ್ಲ. "ಬಾವು ಇಳೀಲಿ, ಇಳದ ಮ್ಯಾಲ ತಗಿಯೋಣು" ಎಂದು ಅವರು ಲೆನ್ಸಿಗೆ ಮುಚ್ಚಳ ಹಾಕಿದರು. ಹೊರಗೆ ಬಂದು ನನ್ನನ್ನೇ ಕುರ್ಚಿಯ ಮೇಲೆ ಕೂಡ್ರಿಸಿ, ಹೊಸ ಲೆನ್ಸಿನಲ್ಲಿ ಮತ್ತೆ ಮತ್ತೆ ತೆಗೆದರು. ನಾನು ಇಂಥಾದ್ದೊಂದು ಹೊತ್ತಿನಲ್ಲಿ ಮುಖ ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ, ಬಹುಶಃ ನಕ್ಕೆ. ಪಾರವ್ವ ಮಂಚದಿಂದೆದ್ದು, ಗೋಡೆ ಹಿಡಿದು ನಡೆದು, ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಬಾವು ಇಳಿಯಿತು, ಮುಖವನ್ನೂ ಜೊತೆಗೆ ಒಯ್ದು ಇಳಿಯಿತು. ಉಳಿದದ್ದು ಮೂಳೆ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ದೀಪಾವಳಿಯವರೆಗೆ ನೋಡೋಣ ಎಂದಿದ್ದರಲ್ಲ ಡಾಕ್ಟರು, ಅಷ್ಟೂ ನೋಡಲಾಗಲಿಲ್ಲ. ನವರಾತ್ರಿಯ ಘಟ ಕೂಡ್ರಿಸುವ ಹಿಂದಿನ ದಿನ ಮಧ್ಯಾಹ್ನ, ಕೆಳಗೆ ಭಾಜಿಯ ಗಾಡಿಯವನು ಕೂಗುತ್ತಿರುವಾಗ, ಮನೆಯಲ್ಲೇ ಹೋದಳು.

ಲಿಂಗಾಯತರಾದ ಅವರಲ್ಲಿ ಹೋದವರನ್ನು ಮಲಗಿಸಿ ಇಡುವುದಿಲ್ಲ, ಕೂಡ್ರಿಸುತ್ತಾರೆ. ಮೀಯಿಸಿದ ಮೇಲೆ ಹಣೆತುಂಬ ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಹೂವಿನ ಮಾಲೆ ಹಾಕಿ ಪಾರವ್ವನನ್ನು ಹಾಲಿನಲ್ಲಿ ಕಿಟಕಿಯ ಪಕ್ಕವೇ ಕೂಡ್ರಿಸಿದರು. ಊರಿಂದ ಬಂದವರು, ಕಟ್ಟಡದವರು, ಒಬ್ಬೊಬ್ಬರಾಗಿ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ಇಂಡಿಯಿಂದ ಬಂದ ಅಣ್ಣನ ಮಗ ಮಾಂತು ಮೆಲ್ಲಗೆ, "ಕಾಕಾ, ನಿಮ್ಮ ದೊಡ್ಡ ಕ್ಯಾಮೆರಾ ಅದಲ್ಲ, ತರ್ಲ್ಯಾ?" ಎಂದು ಕೇಳಿದ.

"ಬೆಳಕು ಛಲೋ ಇಲ್ಲೋ" ಎಂದರು ಶಿವರುದ್ರಪ್ಪನವರು.

ಮಳೆ ಹೋಗಿ ಆಕಾಶ ತೊಳೆದಿಟ್ಟ ಹಾಗಿತ್ತು. ಕಿಟಕಿಯಿಂದ ಬೆಳಕು ಮೆತ್ತಗೆ, ಒಂದೇ ಪಕ್ಕದಿಂದ ಅವಳ ಮುಖದ ಮೇಲೆ ಬೀಳುತ್ತಿತ್ತು. ಅಂಥ ಬೆಳಕು ಸಿಗಬೇಕೆಂದು ನಾವಿಬ್ಬರೂ ಇಡೀ ಮಳೆಗಾಲ ಕಾದಿದ್ದೆವು.

ಹೋದವರ ಹೆಸರಲ್ಲಿ ಮಾಡುವ ಶಿವಗಣಾರಾಧನೆಗೆ ಫೋಟೋ ಬೇಕಲ್ಲ. ಹುಡುಕುವ ಕೆಲಸ ರೇಣು, ಸ್ವಪ್ನಿಲ್ ಮತ್ತು ನನ್ನ ಪಾಲಿಗೆ ಬಂತು. ಮದುವೆಯ ಫೋಟೋ ಒಂದಿತ್ತು; ಅದರಲ್ಲಿ ಬಾಸಿಂಗದ ಹಿಂದೆ ಹದಿನೆಂಟರ ಒಂದು ಹುಡುಗಿಯ ಗದ್ದ ಮಾತ್ರ ಇತ್ತು. ರೇಣುವಿನ ಮೊಬೈಲಿನಲ್ಲಿ ಅವ್ವನ ಫೋಟೋ ಬೇಕಾದಷ್ಟು ಇದ್ದವು. ಒಂದರಲ್ಲಿ ಮೊಮ್ಮಗಳು ದೀಕ್ಷಿತಾಳನ್ನು ಮುಖದ ಮುಂದೆ ಎತ್ತಿಕೊಂಡಿದ್ದಳು. ಉಳಿದವುಗಳಲ್ಲಿ "ಬ್ಯಾಡಬೇ" ಎಂದು ಕೈ ಅಡ್ಡ ಹಿಡಿದಿದ್ದಳು. ಅಂಗೈ ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು, ಗೆರೆ ನೋಡಿ ಭವಿಷ್ಯ ಹೇಳಬಹುದಿತ್ತು. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಬೂದು ಬಣ್ಣದ ಒಂದು ಕಲೆ.

"ಕ್ಯಾಮೆರಾದಾಗ ನೋಡ್ರಿ" ಎಂದಳು ರೇಣು. "ಅಪ್ಪ ಅಷ್ಟು ದಿನ ತಗದಾನಲ್ಲ."

ಟಿವಿಗೆ ಜೋಡಿಸಿ ನೋಡಿದೆವು. ಇಟ್ಟಂಗಿ ಗೋಡೆ. ಇಟ್ಟಂಗಿ ಗೋಡೆ. ಆಮೇಲೆ ನಾನು. ನಾನು, ನಾನು, ನಾನು. ಪೇಪರು ಹಿಡಿದ ನಾನು, ಎಡಕ್ಕೆ ತಿರುಗಿದ ನಾನು, ಮೂಗು ತುರಿಸಿಕೊಳ್ಳುವ ನಾನು. ನನ್ನ ಮುಖ ನನಗೆ ಎಂದೂ ಅಷ್ಟು ಅಸಹ್ಯವಾಗಿ ಕಂಡಿರಲಿಲ್ಲ. ರೇಣು ಒಂದು ಕಡೆ "ತಡೀರಿ" ಎಂದಳು. ಎದ್ದು ಹೋಗಿ ಟಿವಿಯ ಮೇಲೆ, ನನ್ನ ಕಿವಿಯ ಪಕ್ಕ ಬೆರಳಿಟ್ಟಳು. ನನ್ನ ಹಿಂದೆ ಅಡಿಗೆಮನೆಯ ಬಾಗಿಲಲ್ಲಿ ಹಸಿರು ಬಣ್ಣದ ಒಂದು ಉದ್ದನೆಯ ಮಬ್ಬು.

ಪಾರವ್ವ ಹೆಚ್ಚುಕಡಿಮೆ ಎಲ್ಲದರಲ್ಲೂ ಇದ್ದಳು. ಚಹಾ ಹಿಡಿದು, ಗೋಡೆ ಹಿಡಿದು, ಬಾಗಿಲಿಗೆ ಆತು ನಿಂತು. ಎಂಬತ್ತೈದರಲ್ಲಿ ಪೂರ್ತಿ ಬೆಣ್ಣೆ. ಸೀರೆ ಯಾವುದು, ಬಾಗಿಲು ಯಾವುದು, ಮುಖ ಯಾವುದು ತಿಳಿಯದು. ಐವತ್ತರಲ್ಲಿ ಒಬ್ಬ ಹೆಂಗಸು ಎಂದು ಗೊತ್ತಾಗುತ್ತಿತ್ತು. ಡಬ್ಬದ ಜೊತೆ ಬಂದ ಲೆನ್ಸಿನಲ್ಲಿ ತೆಗೆದ ಒಂದರಲ್ಲಿ ಮಾತ್ರ, ಅರ್ಧ ತಿರುಗಿ, ಕಣ್ಣು ಕೆಳಗೆ ಮಾಡಿ ಬಟ್ಟಲು ನೋಡುತ್ತಿರುವ ಪಾರವ್ವ ಎಂದು ಗುರುತಿಸಬಹುದಿತ್ತು.

ಶಿವರುದ್ರಪ್ಪನವರು ಹಿಂದೆ ಬಂದು ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಮತ್ತೆ ಒಳಗೆ ಹೋದರು.

ಸ್ವಪ್ನಿಲ್‌ಗೆ ಒಬ್ಬ ಸ್ಟುಡಿಯೋದವನ ಗುರುತು ಇತ್ತು. ಈಗೆಲ್ಲ ಕಂಪ್ಯೂಟರ್ ತಾನೇ ಮುಖ ಕಟ್ಟಿಕೊಡುತ್ತದಂತೆ. ಆ ಅರ್ಧ ಮುಖ, ಆಧಾರ್ ಕಾರ್ಡಿನ ಕಲೆ, ಬಾಸಿಂಗದ ಕೆಳಗಿನ ಗದ್ದ ಎಲ್ಲ ಕೊಟ್ಟು ಬಂದ. "ಟೆನ್ಷನ್ ಘೇಊ ನಕಾ", ಚಿಂತೆ ಮಾಡಬೇಡಿ, ಎಂದಿದ್ದನಂತೆ ಆತ. ಸಂಜೆಗೇ ಫೋಟೋ ಬಂತು, ಚಿನ್ನದ ಬಣ್ಣದ ಕಟ್ಟು ಹಾಕಿಸಿ, ಗಾಜು ಹಾಕಿಸಿ.

ಏನು ಹೇಳಲಿ, ಅಂಥ ಫೋಟೋ ನಾನು ಯಾರ ಮನೆಯ ಗೋಡೆಯ ಮೇಲೂ ನೋಡಿಲ್ಲ. ಹಸಿರು ಇಳಕಲ್ ಸೀರೆ, ಮೈಮೇಲೆ ಸಂಜೆಯ ಬೆಳಕು, ಹಿಂದೆ ಏನೂ ಇಲ್ಲ. ಅಡಿಗೆಮನೆ ಇಲ್ಲ, ಫ್ರಿಜ್ ಇಲ್ಲ, ನಾನು ಇಲ್ಲ. ಒಬ್ಬ ಐವತ್ತೈದು ಅರುವತ್ತರ ಲಕ್ಷಣವಾದ ಹೆಂಗಸು ನೇರವಾಗಿ ನಮ್ಮನ್ನು ನೋಡಿ ನಗುತ್ತಿದ್ದಾಳೆ.

ಗಣಾರಾಧನೆಯ ದಿನ ಅದನ್ನು ಮಂಟಪದಂತೆ ಮಾಡಿ ಇಟ್ಟು ಹೂ ಹಾಕಿದ್ದರು. ಬಂದವರೆಲ್ಲ ಕೈಮುಗಿದು, ಒಂದು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ನೋಡುತ್ತಿದ್ದರು. "ಫೋಟೋ ಭಾಳ ಛಲೋ ಬಂದದ ನೋಡ್ರಿ" ಎಂದು ಹೆಂಗಸರು. "ಜೀವ ಬಂದು ಕುಂತಂಗ ಅದ." ಊರಿನ ಹಿರಿಯರೊಬ್ಬರು ಶಿವರುದ್ರಪ್ಪನವರ ಹೆಗಲ ಮೇಲೆ ಕೈಯಿಟ್ಟು, "ಯಾವ ಕ್ಯಾಮೆರಾರಿ? ಎಷ್ಟರ ಲೆನ್ಸ್ ಹಾಕಿದ್ರಿ?" ಎಂದು ಕೇಳಿದರು.

"ಎಂಬತ್ತೈದು" ಎಂದರು ಅವರು.

ಪಂಕ್ತಿ ಎದ್ದು ಜನ ಹೋದ ಮೇಲೆ ನಾವಿಬ್ಬರೇ ಫೋಟೋದ ಮುಂದೆ ಕೂತಿದ್ದೆವು. ನಾನು ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು, "ಛಲೋ ಆತು ಬಿಡ್ರಿ, ಅಕ್ಕಾರು ನಕ್ಕೋತ ಕುಂತಾರ" ಎಂದೆ. ನನ್ನ ಬಾಯಿಂದ ಇಂಥ ಹೊತ್ತಿನಲ್ಲಿ ಇಂಥದೇ ಬರುವುದು.

"ಅದ ನೋಡ್ರಿ" ಎಂದರು ಅವರು. "ಆಕಿಗೆ ಮುಂದಿನ ಹಲ್ಲು ಒಂದರ ಮ್ಯಾಲ ಒಂದು ಏರಿತ್ತು. ಸಣ್ಣಾಕಿದ್ದಾಗ ಯಾರೋ ಆಡಿಕೊಂಡಿದ್ರಂತ. ಅದಕ್ಕ ಫೋಟೋ ಅಂದ ಕೂಡ್ಲೇ ಬಾಯಿ ಮುಚ್ಚತಿದ್ಲು, ಇಲ್ಲಾ ಅಂದ್ರ ಕೈ ಅಡ್ಡ ತರ್ತಿದ್ಲು. ನನ್ನ ಮುಂದ ಒಬ್ಬವನ ಮುಂದ ಬಾಯಿ ತಗದು ನಗ್ತಿದ್ಲು." ಫೋಟೋದ ಕಡೆ ಗದ್ದ ಎತ್ತಿ ಕೇಳಿದರು: "ಈ ಹಲ್ಲು ಯಾರವು ಅಂತೀರಿ?"

ಫೋಟೋದಲ್ಲಿ ಹಲ್ಲುಗಳು ಮುತ್ತಿನ ಹಾಗೆ ಸಾಲಾಗಿದ್ದವು.

"ಹೇಳಿ ಸರಿ ಮಾಡಿಸೋಣ್ರಿ. ಹಲ್ಲು ಏರಿಸಿ ಕೊಡು ಅಂದ್ರ ಕೊಡ್ತಾನ ಅವ" ಎಂದೆ.

"ಹೆಂಗ ಏರಿತ್ತು ಅಂತ ಹೇಳ್ಲಿ ಅವಗ? ಎಡದ್ದು ಬಲದ್ದರ ಮ್ಯಾಲೋ, ಬಲದ್ದು ಎಡದ್ದರ ಮ್ಯಾಲೋ? ನಿನ್ನಿಯಿಂದ ನೆನಸ್ಕೊಳ್ಳಿಕತ್ತೇನಿ. ಈ ಫೋಟೋ ಬರೂತನ ನೆನಪಿತ್ರಿ. ಈಗ ಕಣ್ಣು ಮುಚ್ಚಿದ್ರ ಇಕಿನ ಬರ್ತಾಳ."

ಕೈತೊಳೆದು ಬಂದ ಮೊಮ್ಮಗಳು ದೀಕ್ಷಿತಾ ಒದ್ದೆ ಕೈಯಿಂದ ಅಜ್ಜನ ಧೋತರ ಹಿಡಿದಳು. ಅವಳಿಗೆ ಇನ್ನೂ ಮೂರು ತುಂಬಿಲ್ಲ. ಫೋಟೋದ ಕಡೆ ಬೆರಳು ಮಾಡಿ, "ಆಬಾ, ಆಜೀ ಹಸತೇಯ್" ಎಂದಳು. ಅಜ್ಜಿ ನಗುತ್ತಿದ್ದಾಳೆ ಎಂದು.

ಶಿವರುದ್ರಪ್ಪನವರು ಅವಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡರು. ಇನ್ನು ಅವಳು ದೊಡ್ಡವಳಾಗುವುದು ಈ ಮುಖದ ಕೆಳಗೆ.

"ಹೌದವಾ, ನಗಾಕತ್ತಾಳ" ಎಂದರು. "ನಮಸ್ಕಾರ ಮಾಡು."

ಅವಳು ಮಾಡಿದಳು. ಅವರೂ ಕೈ ಎತ್ತಿ ಮುಗಿದರು, ಯಾರೋ ಗುರುತಿಲ್ಲದ ಹಿರಿಯರನ್ನು ಪರಿಚಯ ಮಾಡಿಕೊಟ್ಟಾಗ ನಾವು ಮುಗಿಯುತ್ತೇವಲ್ಲ, ಹಾಗೆ.